ರೂಸ್‌ವೆಲ್ಟ್‌ಗೆ ಪರ್ಲ್ ಹಾರ್ಬರ್ ದಾಳಿ ಮೊದಲೇ ಗೊತ್ತಿತ್ತೇ?

ಪ್ರಶ್ನೆ: 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡುತ್ತದೆ ಅಂತ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಗೊತ್ತಿತ್ತಂತೆ. ಅಮೆರಿಕವನ್ನು ಯುದ್ಧಕ್ಕೆ ಇಳಿಸಲು ಬೇಕಂತಲೇ ಸುಮ್ಮನಿದ್ದರಂತೆ. ಜಪಾನಿನ ಗುಪ್ತಲಿಪಿಯನ್ನು ಆಗಲೇ ಓದುತ್ತಿದ್ದರು, ವಿಮಾನವಾಹಕ ನೌಕೆ ಒಂದೂ ಬಂದರಿನಲ್ಲಿ ಇರಲಿಲ್ಲ. ಇದೆಲ್ಲ ಕಾಕತಾಳೀಯ ಅಂದರೆ ನಂಬುವುದು ಕಷ್ಟ ಅಲ್ವಾ?

ಉತ್ತರ: ಯುದ್ಧ ಬರುತ್ತದೆ ಅಂತ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅದು ಪರ್ಲ್ ಹಾರ್ಬರ್ ಇರುವ ಹವಾಯಿಗೆ ಬಂದು ಎರಗುತ್ತದೆ ಅಂತ ಗೊತ್ತಿತ್ತು ಅನ್ನಲು ಗಟ್ಟಿ ಪುರಾವೆ ಇಲ್ಲ.

ಗುಪ್ತಲಿಪಿಯ ಮಾತು ಅರ್ಧ ನಿಜ. 1940ರಲ್ಲಿ ಭೇದಿಸಿದ್ದು ಜಪಾನಿನ ರಾಯಭಾರ ಕಚೇರಿಗಳು ಬಳಸುತ್ತಿದ್ದ ಲಿಪಿಯನ್ನು. ನೌಕಾಪಡೆಯದು ಬೇರೆ, ಅದು ಇನ್ನೂ ಕೈಗೆ ಸಿಕ್ಕಿರಲಿಲ್ಲ. ದಾಳಿಯ ಗುಟ್ಟನ್ನು ಟೋಕಿಯೊ ವಾಷಿಂಗ್ಟನ್ನಿನ ತನ್ನ ರಾಯಭಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಡಿಸೆಂಬರ್ 6ರ ರಾತ್ರಿ ಅವನಿಗೆ ಬಂದ ದೊಡ್ಡ ಸಂದೇಶವನ್ನು ಓದಿ ರೂಸ್‌ವೆಲ್ಟ್ 'ಅಂದರೆ ಯುದ್ಧವೇ' ಎಂಬರ್ಥದ ಮಾತಾಡಿದ್ದು ನಿಜ. ಎಲ್ಲಿ ಅನ್ನುವುದು ಅದರಲ್ಲಿ ಇರಲಿಲ್ಲ.

ಸಂಶಯಪಡುವವರ ಕೈಯಲ್ಲಿ ಇದಕ್ಕಿಂತ ಗಟ್ಟಿಯಾದ ಕಾಗದ ಒಂದಿದೆ. ಸೆಪ್ಟೆಂಬರ್ 24ರಂದು ಟೋಕಿಯೊ ಹವಾಯಿಯ ಹೊನೊಲುಲುವಿನ ತನ್ನ ಕಾನ್ಸುಲೇಟಿಗೆ ಬರೆಯಿತು: ಪರ್ಲ್ ಹಾರ್ಬರ್ ಬಂದರನ್ನು ಐದು ಭಾಗ ಮಾಡಿ, ಯಾವ ಭಾಗದಲ್ಲಿ ಯಾವ ಹಡಗು ನಿಂತಿದೆ ಅಂತ ತಿಳಿಸಿ. ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಇದನ್ನು ಓದಿತ್ತು. ಹಡಗುಗಳ ಓಡಾಟದ ಬಗ್ಗೆ ಜಪಾನ್ ಬೇರೆ ಬಂದರುಗಳಿಂದಲೂ ವರದಿ ತರಿಸುತ್ತಿತ್ತು, ಹಾಗಾಗಿ ಇದೂ ಅಂಥದ್ದೇ ಅಂದುಕೊಂಡರು. ಆದರೆ ಇಷ್ಟು ಬಿಡಿಬಿಡಿಯಾಗಿ ಕೇಳಿದ್ದನ್ನು ಕಂಡಾದರೂ ಹವಾಯಿಯ ನೌಕಾ ದಂಡನಾಯಕ ಕಿಮ್ಮೆಲ್‌ಗೆ ಒಂದು ಮಾತು ತಿಳಿಸಬಹುದಿತ್ತು. ತಿಳಿಸಲಿಲ್ಲ. ಆಮೇಲೆ ಹುದ್ದೆ ಕಳೆದುಕೊಂಡದ್ದು ಮಾತ್ರ ಅವರೇ. ಇದು ವಾಷಿಂಗ್ಟನ್ನಿನ ದೊಡ್ಡ ತಪ್ಪು ಅಂತಲೇ ನಾನು ಹೇಳುತ್ತೇನೆ. ಪಿತೂರಿ ಅನ್ನಲಾರೆ.

ಹವಾಯಿಯಲ್ಲೂ ಕಣ್ಣು ತೆರೆದಿರಲಿಲ್ಲ. ನವೆಂಬರ್ 27ರಂದೇ ಯುದ್ಧದ ಎಚ್ಚರಿಕೆ ಬಂದಿತ್ತು, ಆದರೆ ಅದು ಬೊಟ್ಟು ಮಾಡಿದ್ದು ಫಿಲಿಪ್ಪೀನ್ಸ್, ಥಾಯ್ಲೆಂಡ್, ಬೋರ್ನಿಯೊ ಕಡೆಗೆ. ಭೂಸೇನೆಯ ಜನರಲ್ ಶಾರ್ಟ್‌ಗೆ ಇದ್ದ ಭಯ ಒಳಗಿನ ವಿಧ್ವಂಸಕರದು. ಕಾವಲಿಗೆ ಸುಲಭ ಆಗಲಿ ಅಂತ ವಿಮಾನಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು. ಬಾಂಬು ಹಾಕುವವರಿಗೆ ಇನ್ನೇನು ಬೇಕು! ದಾಳಿಯ ಬೆಳಿಗ್ಗೆ 7 ಗಂಟೆ ದಾಟುತ್ತಲೇ ರಾಡಾರ್‌ನಲ್ಲಿ ವಿಮಾನಗಳ ದೊಡ್ಡ ಹಿಂಡು ಕಂಡಿತು. ಅವು ನಮ್ಮ ಬಿ-17 ವಿಮಾನಗಳೇ ಇರಬೇಕು ಅಂದುಕೊಂಡ ಅಧಿಕಾರಿ, ತಲೆ ಕೆಡಿಸಿಕೊಳ್ಳಬೇಡಿ ಅಂದುಬಿಟ್ಟ.

ಇನ್ನು ವಿಮಾನವಾಹಕ ನೌಕೆಗಳು. ಎಂಟರ್‌ಪ್ರೈಸ್ ವೇಕ್ ದ್ವೀಪಕ್ಕೆ ಯುದ್ಧವಿಮಾನ ಒಯ್ದಿತ್ತು, ಲೆಕ್ಸಿಂಗ್‌ಟನ್ ಅದೇ ಕೆಲಸಕ್ಕೆ ಮಿಡ್‌ವೇ ಕಡೆ ಹೊರಟಿತ್ತು. ಎರಡೂ ಹೋದದ್ದು ಜಪಾನಿಗೆ ಇನ್ನೂ ಹತ್ತಿರದ ದಿಕ್ಕಿಗೆ! ಎಂಟರ್‌ಪ್ರೈಸ್ ಡಿಸೆಂಬರ್ 6ಕ್ಕೇ ವಾಪಸ್ ಬರಬೇಕಿತ್ತು. ಹವಾಮಾನ ಕೆಟ್ಟು ತಡವಾಯಿತು.

ರೂಸ್‌ವೆಲ್ಟ್‌ಗೆ ಯುದ್ಧಕ್ಕೆ ಕಾರಣ ಬೇಕಿತ್ತು ಅಂತಲೇ ಇಟ್ಟುಕೊಳ್ಳೋಣ. ಎಚ್ಚರವಾಗಿದ್ದ ಪಡೆಯ ಮೇಲೆ ಜಪಾನ್ ಎರಗಿದ್ದರೂ ಆ ಕಾರಣ ಸಿಗುತ್ತಿತ್ತು. 2,400ಕ್ಕೂ ಹೆಚ್ಚು ಜನರನ್ನು ಬಲಿ ಕೊಡುವ ಅಗತ್ಯ ಇರಲಿಲ್ಲ. ಅದೂ ಅಲ್ಲದೆ, ಅವರ ಮುಖ್ಯ ಚಿಂತೆ ಇದ್ದದ್ದು ಜರ್ಮನಿಯ ಬಗ್ಗೆ. ಡಿಸೆಂಬರ್ 8ರಂದು ಅವರು ಸಂಸತ್ತನ್ನು ಕೇಳಿದ್ದು ಜಪಾನಿನ ವಿರುದ್ಧದ ಯುದ್ಧ ಘೋಷಣೆಯನ್ನು ಮಾತ್ರ. ಅಮೆರಿಕದ ಮೇಲೆ ಹಿಟ್ಲರ್ ತಾನಾಗಿಯೇ ಯುದ್ಧ ಸಾರಿದ್ದು 11ರಂದು.