ದುಬೈನಲ್ಲಿ ಫ್ಲಾಟ್ ಏಜೆನ್ಸಿ

ಪ್ರಶ್ನೆ: ದುಬೈನಲ್ಲಿ ಅಕೌಂಟೆಂಟ್ ಆಗಿದ್ದೇನೆ. ಫ್ಲಾಟ್ ಕೊಡಿಸುವ ಏಜೆನ್ಸಿ ತೆರೆಯುವಾಸೆ. ಸ್ಥಳೀಯ ಪಾಲುದಾರ ಬೇಕೇ ಬೇಕಾ?
- ಕುಂದಾಪುರದ ಓದುಗ

ಉತ್ತರ: ಅದು ಹಳೆಯ ಕಥೆ. 2021ರ ಕಾನೂನು ಬದಲಾವಣೆಯ ನಂತರ ಹೆಚ್ಚಿನ ವ್ಯವಹಾರಗಳಲ್ಲಿ ವಿದೇಶಿಯರೇ ಪೂರ್ತಿ ಮಾಲೀಕರಾಗಬಹುದು. ನಿಮಗೆ ತಲೆನೋವು ಬೇರೆ ಕಡೆ ಇದೆ. ಟ್ರೇಡ್ ಲೈಸೆನ್ಸ್ ಒಂದೇ ಸಾಲದು. ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ರೇರಾದ (ದುಬೈನ ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ) ಬ್ರೋಕರ್ ಕಾರ್ಡ್ ಪಡೆಯಬೇಕು. ಫ್ಲಾಟ್ ಮಾರಿಕೊಡಲು ಅದರ ಮಾಲೀಕರ ಜೊತೆ ‘ಫಾರ್ಮ್ ಎ’ ಎಂಬ ಒಪ್ಪಂದ ಆಗಬೇಕು, ಜಾಹೀರಾತಿಗೆ ಪರ್ಮಿಟ್ ನಂಬರ್ ಬೇಕು. ನಮ್ಮವರು ವಾಟ್ಸಾಪ್ ಗುಂಪಿಗೆ ಸುಮ್ನೆ ಫ್ಲಾಟಿನ ಫೋಟೊ ಹಾಕಿಬಿಡ್ತಾರಲ್ವಾ, ಅದಕ್ಕೂ ದಂಡ ಬೀಳಬಹುದು.

ಕೊಳ್ಳುವವರಿಗೆ ನೋಂದಣಿ ಶುಲ್ಕ ಶೇ. 4 ಎಂದು ಮೊದಲೇ ಹೇಳಿ. ವಿದೇಶಿಯರಿಗೆ ಫ್ರೀಹೋಲ್ಡ್ (ಆಸ್ತಿಯ ಪೂರ್ಣ ಒಡೆತನ) ಎಲ್ಲ ಏರಿಯಾಗಳಲ್ಲಿ ಸಿಗುವುದಿಲ್ಲ. ದುಬೈ ಮರೀನಾದಲ್ಲಿ ಸಿಗುತ್ತದೆ. ಕೆಲಸ ಬಿಡುವ ಮುಂಚೆ ನಿಮ್ಮ ವೀಸಾ ಏನಾಗುತ್ತದೆ ಕೇಳಿಕೊಳ್ಳಿ.