ಯಾರಿಗೂ ಗೊತ್ತಾಗದ ಹಾಗೆ ಮಗು ತರಬಹುದಾ?

ಪ್ರಶ್ನೆ: ದತ್ತು ಮಗುವಿಗಾಗಿ ಹೆಸರು ನೋಂದಾಯಿಸಿ ಕಾಯುತ್ತಿದ್ದೇವೆ. ಪರಿಚಿತರೊಬ್ಬರು, "ಸ್ವಲ್ಪ ಖರ್ಚಾಗುತ್ತೆ, ಆಸ್ಪತ್ರೆಯಿಂದಲೇ ಕೂಸು ಕೊಡಿಸ್ತೀನಿ. ಜನನ ಪತ್ರದಲ್ಲಿ ನಿಮ್ಮ ಹೆಸರೇ ಇರುತ್ತೆ" ಎನ್ನುತ್ತಿದ್ದಾರೆ. ಅತ್ತೆಗೂ ಅದೇ ಸರಿ ಅನ್ನಿಸಿದೆ. ಕಾನೂನಿನ ಪ್ರಕಾರ ತಂದರೆ ಹೆತ್ತವರು ಮುಂದೆ ವಾಪಸ್ ಕೇಳುತ್ತಾರಂತೆ. ನಿಜವೇ?

ಉತ್ತರ: ದಯವಿಟ್ಟು ಆ ಪರಿಚಿತರಿಗೆ ಬೇಡ ಅಂತ ಇವತ್ತೇ ಹೇಳಿಬಿಡಿ. ದುಡ್ಡು ಕೊಟ್ಟು ಕೂಸು ತರುವುದು ಮಗುವಿನ ಮಾರಾಟ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ 5 ವರ್ಷದವರೆಗೆ ಜೈಲಿದೆ, ದಂಡವೂ ಇದೆ. ಹೆತ್ತ ತಾಯಿ ಒಪ್ಪಿದ್ದಳೋ, ಅವಳಿಗೆ ಮಗು ಸತ್ತಿತು ಅಂತ ಹೇಳಿದರೋ, ನಿಮಗೆ ಯಾವತ್ತೂ ತಿಳಿಯುವುದಿಲ್ಲ. ವಾಪಸ್ ಕೇಳುವ ಭಯ ನಿಜವಾಗಿ ಇರುವುದು ಇಲ್ಲಿ.

ಕಾನೂನಿನ ದಾರಿಯಲ್ಲಿ ಆ ಭಯ ಬೇಡ. ಹೆತ್ತವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದರೆ, ಮನಸ್ಸು ಬದಲಿಸಲು ಅವರಿಗೆ 60 ದಿನ ಇರುತ್ತದೆ. ಅದು ಮುಗಿದ ಮೇಲೆಯೇ ಮಗು ದತ್ತಿಗೆ ಮುಕ್ತ ಅಂತ ಸಮಿತಿ ಘೋಷಿಸುವುದು. ಜಿಲ್ಲಾಧಿಕಾರಿಯ ದತ್ತು ಆದೇಶ ಬಂದರೆ ಮಗು ನಿಮ್ಮದೇ. ಆಸ್ತಿಯಲ್ಲೂ ಹೆತ್ತ ಮಗುವಿಗೆ ಇರುವಷ್ಟೇ ಹಕ್ಕು.

ಕಾಯುವುದು ಕಷ್ಟ, ಗೊತ್ತು. ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತೆಯಾಗಿ ಅಂಥ ಎಷ್ಟೋ ಮನೆಗಳಲ್ಲಿ ಕೂತಿದ್ದೇನೆ. ಆದರೆ ಸಾಲು ಉದ್ದ ಇರುವುದು ಮುಖ್ಯವಾಗಿ ಎಳೆಯ ಕೂಸುಗಳಿಗೆ. ತುಸು ದೊಡ್ಡ ಮಗು ನಮಗೆ ಹೊಂದಿಕೊಳ್ಳಲ್ಲ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಐದು ವರ್ಷ ದಾಟಿದ ಮಗುವನ್ನಂತೂ ಕಾನೂನೇ ಕೇಳುತ್ತದೆ, ನಿನಗೆ ಈ ಮನೆ ಒಪ್ಪಿಗೆಯಾ ಅಂತ. ಒಪ್ಪಿ ಬಂದ ಮಗು ಅದು. ಇಬ್ಬರೂ ಕೂತು ಒಮ್ಮೆ ಯೋಚಿಸಿ.

ಇನ್ನು ಮುಚ್ಚಿಡುವ ಮಾತು. ಇದರ ಬಗ್ಗೆ ನನಗೆ ಜಾಸ್ತಿ ಹೇಳಬೇಕಿದೆ. ಮದುವೆ ಮಾತುಕತೆಯ ಹೊತ್ತಿನಲ್ಲಿ ನೆಂಟರ ಬಾಯಿಂದ ವಿಷಯ ತಿಳಿದ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ದತ್ತು ಮಗ ಅಂತ ಗೊತ್ತಾಗಿದ್ದಕ್ಕೆ ಅವನಿಗೆ ಸಿಟ್ಟಿರಲಿಲ್ಲ. "ಊರಿಗೆಲ್ಲಾ ಗೊತ್ತಿತ್ತು ಮೇಡಂ, ನನಗೊಬ್ಬನಿಗೇ ಹೇಳಲಿಲ್ಲ" ಅಂತ ಅತ್ತ. ಇನ್ನೊಂದು ಮನೆಯಲ್ಲಿ, ದತ್ತು ಆದ ಮೇಲಿನ ಭೇಟಿಗೆ ಹೋದಾಗ, ಚಪ್ಪಲಿ ಬಿಡುವ ಮೊದಲೇ ಪುಟ್ಟ ಹುಡುಗಿಯೊಬ್ಬಳು ಎದುರಿಗೆ ಬಂದು ಹೇಳಿದಳು: "ನಾನು ಹೊಟ್ಟೆಯಿಂದ ಬರ್ಲಿಲ್ಲ ಆಂಟಿ, ಕಾರಲ್ಲಿ ಬಂದೆ. ಅಪ್ಪ ಮೆಲ್ಲಗೆ ಓಡಿಸಿದ್ರು." ಅವಳಮ್ಮ ದಿನಾ ರಾತ್ರಿ ಅದೇ ಕತೆ ಹೇಳಿ ಮಲಗಿಸುತ್ತಿದ್ದರು. ಮಗುವಿಗೆ ಮಾತು ಬರುವ ಮುಂಚೆಯೇ ನೀವೂ ಶುರು ಮಾಡಿ. ಆಮೇಲೆ ಹೇಳೋಣ ಅಂದರೆ ನಾಲಿಗೆ ಏಳುವುದಿಲ್ಲ.

ಅತ್ತೆಯವರ ಮೇಲೆ ಬೇಜಾರು ಬೇಡ. ಅವರ ವಯಸ್ಸಿನವರು ಕೇಳಿಕೊಂಡು ಬಂದಿದ್ದೇ ಹಾಗೆ. ಹೋಮ್ ಸ್ಟಡಿಗೆ, ಅಂದರೆ ಮನೆ, ಮನೆಯವರನ್ನು ನೋಡಿ ಮಾತಾಡಿಸಲು ಸಮಾಜ ಕಾರ್ಯಕರ್ತೆ ಬರುವ ದಿನ ಅವರೂ ಮನೆಯಲ್ಲಿರಲಿ. ಯಾವ ಜಾತಿಯೋ, ಯಾವ ರಕ್ತವೋ ಅನ್ನುವ ಅನುಮಾನವನ್ನೂ ಅವರೇ ಬಾಯಿಬಿಟ್ಟು ಕೇಳಲಿ. ಉತ್ತರ ಕೊಡುವುದು ಸಮಾಜ ಕಾರ್ಯಕರ್ತೆಯ ಕೆಲಸ, ನೀವು ಮಧ್ಯೆ ತಡೆಯಬೇಡಿ.