ಪ್ರತಿಕ್ರಿಯೆ: ರಿವರ್ಸ್ ಶೋಲ್ಡರ್ ಆದ್ಮೇಲೆ ಅಮ್ಮ ತಲೆ ಬಾಚ್ಕೊಂಡು ಸೀರೆ ಉಟ್ಕೋತಾರಾ?

ನಮಸ್ಕಾರ ಸರ್, ತಾಯಿಗೆ 72 ವರ್ಷ, ರೊಟೇಟರ್ ಕಫ್ (ಭುಜದ ಕೀಲನ್ನ ಸುತ್ತ ಹಿಡಿದಿರೋ ಸ್ನಾಯುಗಳು) ಪೂರ್ತಿ ಹರಿದಿದೆ, ರಿವರ್ಸ್ ಶೋಲ್ಡರ್ ಅಂದ್ರೆ ಭುಜದ ಕೀಲು ಬದಲಾಯಿಸೋ ಆಪರೇಷನ್ ಆದ್ಮೇಲೆ ಮೊದಲಿನ ಹಾಗೆ ತಲೆ ಬಾಚ್ಕೊಂಡು ಸೀರೆ ಉಟ್ಕೋತಾರಾ ಅಂತ ಕೇಳಿದೀರಲ್ಲ, ನಮ್ಮತ್ತೆಗೆ ಇದೇ ಆಗಿ ಎರಡು ವರ್ಷ ಆಯ್ತು, ಅದಕ್ಕೆ ಬರೀತಿದೀನಿ. ನೋವು ಹೆಚ್ಚಿನವರಿಗೆ ಚೆನ್ನಾಗೇ ಕಮ್ಮಿ ಆಗುತ್ತೆ, ಅತ್ತೆ ವರ್ಷಗಟ್ಲೆ ಆ ಮಗ್ಗುಲಿಗೆ ಮಲಗಿರ್ಲಿಲ್ಲ, ಈಗ ಮಲಗ್ತಾರೆ.

ಈ ಆಪರೇಷನ್‌ನಲ್ಲಿ ಕೀಲಿನ ಗುಂಡು, ಬಟ್ಟಲು ಎರಡನ್ನೂ ಅದಲುಬದಲು ಮಾಡಿ ಕೂರಿಸ್ತಾರೆ, ಹರಿದ ಕಫ್ ಕೆಲಸಾನ ಭುಜದ ಹೊರಗಡೆ ಇರೋ ಡೆಲ್ಟಾಯ್ಡ್ ಸ್ನಾಯು ಮಾಡುತ್ತೆ, ಹಾಗಾಗಿ ಕೈ ಮುಂದಿನಿಂದ ಮೇಲಕ್ಕೆ ಎತ್ತೋದು ಬರುತ್ತೆ, ಬಾಚಣಿಗೆ ನೆತ್ತಿಗೆ ಮುಟ್ಟುತ್ತೆ. ಆದ್ರೆ ಕೈ ಬೆನ್ನ ಹಿಂದಕ್ಕೆ ಹೋಗೋದು ತುಂಬಾ ಜನಕ್ಕೆ ಕಮ್ಮಿನೇ ಉಳಿಯುತ್ತೆ, ಇದನ್ನ ಮೊದ್ಲೇ ಡಾಕ್ಟ್ರ ಹತ್ರ ಬಿಡಿಸಿ ಕೇಳಿ. ಅತ್ತೆಗೆ ಸೀರೆ ಹಿಂದೆ ಸಿಕ್ಕಿಸೋದು ಇವತ್ತಿಗೂ ಆಗಲ್ಲ, ಇನ್ನೊಂದು ಕೈಲೇ ಸುತ್ತಿ ಎಳ್ಕೋತಾರೆ, ರವಿಕೆಗೆ ಮುಂದೆ ಹುಕ್ ಇಡ್ಸಿದೀವಿ. ಯಾವ ಭುಜ ಅಂತ ನೀವು ಬರೆದಿಲ್ಲ, ಎಡಗೈ ಆದ್ರೆ ಶೌಚದ್ದು ಮೊದ್ಲೇ ಯೋಚ್ನೆ ಮಾಡಿ, ಜೆಟ್ ಸ್ಪ್ರೇ ಬಲಗಡೆಗೆ ಹಾಕ್ಸಿ ಅಭ್ಯಾಸ ಮಾಡ್ಸಿ.

ಶುರುವಿನ 4ರಿಂದ 6 ವಾರ ಸಾಮಾನ್ಯವಾಗಿ ಸ್ಲಿಂಗ್ (ಕೈ ತೂಗುಹಾಕೋ ಪಟ್ಟಿ) ಇರುತ್ತೆ, ಆಗ ಕುರ್ಚಿಯಿಂದ ಆ ಕೈ ಊರಿ ಏಳೋಕೆ ದಯವಿಟ್ಟು ಬಿಡ್ಬೇಡಿ, ಕೀಲು ಜಾರೋ ಅಪಾಯ ಇದೆ. ಫಿಸಿಯೋ ತಪ್ಪಿಸ್ದೆ ಮಾಡಿದ್ರೆ ವರ್ಷದವರೆಗೂ ನಿಧಾನಕ್ಕೆ ಸುಧಾರಿಸ್ತಾ ಹೋಗುತ್ತೆ. ಗಾಯದಿಂದ ನೀರು ಬಂದ್ರೆ, ಜ್ವರ ಬಂದ್ರೆ ಅವತ್ತೇ ಕರ್ಕೊಂಡು ಹೋಗಿ.